ಹೊಸ ಪರ್ಫ್ ಎಲ್ಲಿಗೆ ಹೋಗುತ್ತಿತ್ತು?

ಲೈಬ್ರರಿ ಹಾಕಿದ್ದಾಯಿತು, ಪರ್ಫ್ ಅನ್ನು (ಪ್ರೋಗ್ರಾಂ ಎಲ್ಲಿ ಹೊತ್ತು ಕಳೆಯುತ್ತಿದೆ ಎಂದು ತೋರಿಸುವ ಲಿನಕ್ಸ್ ಉಪಕರಣ) ಸೋರ್ಸಿನಿಂದ ಬಿಲ್ಡ್ ಮಾಡಿದ್ದಾಯಿತು, ಎರರ್ ಅಂತ ಒಂದು ಸಾಲೂ ಬರಲಿಲ್ಲ. ಆದರೆ ಬಾಕ್ಸಿಗೆ ಲಾಗಿನ್ ಆಗಿ ‘ಪರ್ಫ್ ಟ್ರೇಸ್’ ಎಂದು ಹೊಡೆದರೆ ಅದೇ ಹಳೇ ಉತ್ತರ: ಟ್ರೇಸ್ ಕಮಾಂಡ್ ಇಲ್ಲ, ಬಿಲ್ಡ್ ಮಾಡುವಾಗ ಲಿಬ್‌ಟ್ರೇಸ್‌ಇವೆಂಟ್‌ನ ಡೆವೆಲ್ ಪ್ಯಾಕೇಜ್ (ಆ ಲೈಬ್ರರಿ ಬಳಸಿ ಬಿಲ್ಡ್ ಮಾಡಲು ಬೇಕಾದ ಫೈಲುಗಳು) ಇರಲಿಲ್ಲ. ಇರದೆ ಏನು, ನಾನೇ ಹಾಕಿದ್ದು! ಟರ್ಮಿನಲ್ ಜೊತೆ ಜಗಳಕ್ಕೆ ನಿಲ್ಲುವ ಹಂತಕ್ಕೆ ಬಂದಿದ್ದೆ.

ನಮ್ಮದು ತುಮಕೂರಿನ ಎಸ್.ಎಸ್. ಪುರಂನಲ್ಲಿ, ಒಂದು ಮನೆಯ ಮಹಡಿ ಮೇಲಿನ ಚಿಕ್ಕ ಆಫೀಸು. ಬೋರ್‌ವೆಲ್ ಪಂಪ್‌ಸೆಟ್ಟಿನ ಪ್ಯಾನೆಲ್ ಬೋರ್ಡಿಗೆ ಕೂರಿಸುವ ಬಾಕ್ಸ್ ಮಾಡುತ್ತೇವೆ. ಒಳಗೊಂದು ಆರ್ಮ್64 ಪ್ರೊಸೆಸರಿನ ಬೋರ್ಡು, ಅದರ ಮೇಲೆ ಲಿನಕ್ಸ್. ಪ್ಯಾನೆಲ್ಲಿನ ಮೀಟರ್ ಏನು ಹೇಳುತ್ತದೋ ಅದನ್ನು ಆರ್‌ಎಸ್-485 ತಂತಿಯ ಮೇಲೆ ಮಾಡ್‌ಬಸ್‌ನಲ್ಲಿ ಓದಿಕೊಂಡು, ವೋಲ್ಟೇಜು ಎಷ್ಟು, ಮೂರು ಫೇಸೂ ಇದೆಯಾ ಎಂದು ರೈತರ ಮೊಬೈಲಿಗೆ ಕಳಿಸುವುದು ಅದರ ಕೆಲಸ. ಮಧುಗಿರಿ, ಕೊರಟಗೆರೆ ಕಡೆ ತೋಟದವರು ತ್ರೀ ಫೇಸ್ ಬಂತಾ ಅಂತ ಇದರಲ್ಲಿ ನೋಡಿಕೊಂಡೇ ಮೋಟರ್ ಹಾಕುವುದು. ಹೀಗಾಗಿ ಓದುವುದು ಒಂದು ಸಲ ತಪ್ಪಿದರೂ ಫೋನ್ ಬರುತ್ತದೆ. ಕಳೆದ ಬೇಸಿಗೆಯಲ್ಲಿ ಅದು ಆಗಾಗ ತಪ್ಪತೊಡಗಿತು. ಮೀಟರ್ ಉತ್ತರ ಕೊಟ್ಟಿರುತ್ತದೆ, ನಮ್ಮ ಪ್ರೋಗ್ರಾಂ ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಟೈಮ್‌ಔಟ್ ಆಗಿರುತ್ತದೆ.

ನಮ್ಮಲ್ಲಿ ಹಾರ್ಡ್‌ವೇರ್ ನೋಡಿಕೊಳ್ಳುವವರು ಶಿರಾ ಕಡೆಯ ಅಣ್ಣ. ಅವರು ಆಸಿಲೋಸ್ಕೋಪ್ ಹಚ್ಚಿ, ಮೀಟರಿನ ಉತ್ತರ ತಂತಿಯ ಮೇಲೆ ಸರಿಯಾದ ಹೊತ್ತಿಗೇ ಬರುತ್ತಿದೆ ಎಂದು ತೋರಿಸಿಬಿಟ್ಟರು. “ನನ್ ಕಡೆ ಕ್ಲೀನ್ ಐತಮ್ಮ. ಇನ್ನು ನೀನುಂಟು, ನಿನ್ ಲಿನಕ್ಸ್ ಉಂಟು.”

ಪ್ರೋಗ್ರಾಂ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ ಎಂದು ನೋಡಲು ಮೊದಲು ಕೈ ಹೋಗುವುದು ಎಸ್‌ಟ್ರೇಸ್ ಕಡೆಗೆ. ಪ್ರೋಗ್ರಾಂ ಮಾಡುವ ಸಿಸ್ಟಂ ಕಾಲ್‌ಗಳನ್ನು (ಓದು, ಬರೆ ಎಂದು ಅದು ಲಿನಕ್ಸಿನ ತಿರುಳಾದ ಕರ್ನಲ್‌ಗೆ ಸಲ್ಲಿಸುವ ಕೋರಿಕೆಗಳು) ತೋರಿಸುವ ಉಪಕರಣ ಅದು. ಆದರೆ ಎಸ್‌ಟ್ರೇಸ್ ಕೆಲಸ ಮಾಡುವುದು ಪಿಟ್ರೇಸ್ ಎಂಬ ಕರ್ನಲ್ ಸೌಲಭ್ಯದ ಮೂಲಕ. ಪ್ರತಿ ಸಿಸ್ಟಂ ಕಾಲ್‌ಗೆ ಹೋಗುವಾಗ ಒಂದು ಸಲ, ವಾಪಸ್ ಬರುವಾಗ ಇನ್ನೊಂದು ಸಲ ಪ್ರೋಗ್ರಾಮನ್ನು ತಡೆದು ನಿಲ್ಲಿಸುತ್ತದೆ. ನಾವು ಹುಡುಕುತ್ತಿದ್ದದ್ದೇ ಮಿಲಿಸೆಕೆಂಡುಗಳ ತಡವನ್ನು. ನೋಡುವ ಉಪಕರಣವೇ ತಡ ಮಾಡಿಸಿದರೆ ಯಾವುದು ಯಾರ ತಡ ಎಂದು ಹೇಳುವುದು ಹೇಗೆ? ಅದಕ್ಕೇ ಪರ್ಫ್ ಬೇಕಾಯಿತು. ಅದು 2009ರಲ್ಲಿ, 2.6.31 ಆವೃತ್ತಿಯ ಜೊತೆ ಕರ್ನಲ್ ಒಳಗೆ ಬಂದದ್ದು. ಅದರ ಸೋರ್ಸ್ ಕರ್ನಲ್ ಸೋರ್ಸಿನೊಳಗೇ, ಟೂಲ್ಸ್ ಎಂಬ ಡೈರೆಕ್ಟರಿಯಲ್ಲಿ ಇದೆ. ‘ಪರ್ಫ್ ಟ್ರೇಸ್’ ಕೂಡ ಸಿಸ್ಟಂ ಕಾಲ್‌ಗಳನ್ನೇ ತೋರಿಸುತ್ತದೆ, ಆದರೆ ಕರ್ನಲ್‌ನ ಟ್ರೇಸ್‌ಪಾಯಿಂಟ್‌ಗಳಿಂದ (ನಡೆದದ್ದನ್ನು ದಾಖಲಿಸಲು ಕರ್ನಲ್ ಒಳಗೇ ಇಟ್ಟ ಗುರುತುಗಳು) ಬಂದದ್ದನ್ನು ಮೆಮೊರಿಯ ರಿಂಗ್ ಬಫರಿಗೆ ಬರೆದುಕೊಂಡು ತೋರಿಸುತ್ತದೆ. ಪ್ರೋಗ್ರಾಮನ್ನು ನಿಲ್ಲಿಸುವ ಗೋಜಿಲ್ಲ.

ಬಾಕ್ಸಿನಲ್ಲಿ ಪರ್ಫ್ ಇತ್ತು, ಟ್ರೇಸ್ ಮಾತ್ರ ಇರಲಿಲ್ಲ. ಕಾರಣ ಗೊತ್ತಿದ್ದದ್ದೇ. ನಾವು 5.10ರ ಕರ್ನಲ್‌ನಿಂದ 6.6ಕ್ಕೆ ಬಂದಿದ್ದೆವು. ಟ್ರೇಸ್‌ಪಾಯಿಂಟ್‌ಗಳ ವಿವರವನ್ನು ಬಿಡಿಸಿ ಓದುವ ಲಿಬ್‌ಟ್ರೇಸ್‌ಇವೆಂಟ್ ಮೊದಲು ಕರ್ನಲ್ ಸೋರ್ಸಿನ ಒಳಗೇ ಇತ್ತು. 6.2ರಲ್ಲಿ ಅದನ್ನು ಅಲ್ಲಿಂದ ತೆಗೆದರು, ಅಲ್ಲಿಂದಾಚೆ ಹೊರಗಿನ ಪ್ಯಾಕೇಜ್ ಆಗಿ ನಾವೇ ಹಾಕಿಕೊಳ್ಳಬೇಕು. ಇಲ್ಲದಿದ್ದರೆ 6.6ರಲ್ಲಿ ಪರ್ಫ್ ಬಿಲ್ಡ್ ಎರರ್ ಕೊಟ್ಟು ನಿಂತುಬಿಡುತ್ತದೆ. ಬೇಡವೇ ಬೇಡ ಎನ್ನುವವರು ನೋ ಲಿಬ್‌ಟ್ರೇಸ್‌ಇವೆಂಟ್ ಎಂಬ ವೇರಿಯಬಲ್ಲಿಗೆ 1 ಕೊಟ್ಟು ಮುಂದೆ ಹೋಗಬಹುದು. ನಮ್ಮ ಬಿಲ್ಡ್ ಸ್ಕ್ರಿಪ್ಟಿನಲ್ಲಿ ಹಾಗೇ ಮಾಡಿದ್ದರು. ಆಗ ಬೇಕಿದ್ದದ್ದು ಸಿಪಿಯು ಯಾವುದರಲ್ಲಿ ಹೊತ್ತು ಕಳೆಯುತ್ತಿದೆ ಎಂದು ತೋರಿಸುವ ‘ಪರ್ಫ್ ಟಾಪ್’ ಒಂದೇ, ಅದಕ್ಕೆ ಅಷ್ಟು ಸಾಕಿತ್ತು.

ಹೀಗಾಗಿ ಕೆಲಸ ಸುಲಭ ಅನ್ನಿಸಿತು. ಸ್ಕ್ರಿಪ್ಟಿನಿಂದ ಆ ವೇರಿಯಬಲ್ ಇದ್ದ ಸಾಲು ತೆಗೆದೆ, ಆರ್ಮ್64ರ ಲಿಬ್‌ಟ್ರೇಸ್‌ಇವೆಂಟ್ ಡೆವೆಲಪ್‌ಮೆಂಟ್ ಪ್ಯಾಕೇಜ್ ಹಾಕಿದೆ, ಸ್ಕ್ರಿಪ್ಟ್ ಓಡಿಸಿದೆ. ಲ್ಯಾಪ್‌ಟಾಪಿನ ಫ್ಯಾನ್ ಕೂಗುವಷ್ಟು ಹೊತ್ತು ಕಂಪೈಲ್ ಆಯಿತು. ಬಾಕ್ಸಿಗೆ ಹೊಸ ಇಮೇಜ್ (ಅದರಲ್ಲಿ ಓಡುವ ಸಾಫ್ಟ್‌ವೇರಿನ ಇಡೀ ಕಟ್ಟು) ಹಾಕಿದೆ. ಆಮೇಲೆ ಬಂದದ್ದು ಮೊದಲೇ ಹೇಳಿದ ಆ ಉತ್ತರ.

ಪರ್ಫ್‌ಗೆ ಒಂದು ಒಳ್ಳೆಯ ಗುಣವಿದೆ. ‘ಪರ್ಫ್ ವರ್ಷನ್’ಗೆ ಬಿಲ್ಡ್ ಆಪ್ಷನ್ಸ್ ಎಂಬ ಆಯ್ಕೆ ಕೊಟ್ಟರೆ ತಾನು ಏನೇನು ಇಟ್ಟುಕೊಂಡು ಬಿಲ್ಡ್ ಆಗಿದ್ದೇನೆ ಎಂಬ ಪಟ್ಟಿಯನ್ನು ಆನ್, ಆಫ್ ಎಂದು ಸಾಲಾಗಿ ಒದರುತ್ತದೆ. ಬಾಕ್ಸಿನಲ್ಲಿ ನೋಡಿದರೆ ಲಿಬ್‌ಟ್ರೇಸ್‌ಇವೆಂಟ್ ಎದುರು ಆಫ್. ಮೊದಲ ಅನುಮಾನ ಆ ವೇರಿಯಬಲ್ಲಿನ ಮೇಲೆಯೇ. ಎನ್ವಿರಾನ್ಮೆಂಟ್‌ನಲ್ಲಿ (ಪ್ರೋಗ್ರಾಂ ಶುರುವಾಗುವಾಗಲೇ ಅದಕ್ಕೆ ದಾಟುವ ವೇರಿಯಬಲ್ಲುಗಳು) ಇರುವುದನ್ನೆಲ್ಲ ಬಿಲ್ಡ್ ನಡೆಸುವ ಮೇಕ್ ತನ್ನ ವೇರಿಯಬಲ್ ಎಂದೇ ಎತ್ತಿಕೊಳ್ಳುತ್ತದೆ, ಯಾರಾದರೂ ಟರ್ಮಿನಲ್ ತೆರೆದಾಗ ಓಡುವ ಬ್ಯಾಷ್‌ಆರ್‌ಸಿಯಲ್ಲಿ ಎಕ್ಸ್‌ಪೋರ್ಟ್ ಮಾಡಿಟ್ಟಿದ್ದರೆ ಸ್ಕ್ರಿಪ್ಟಿನಿಂದ ತೆಗೆದು ಏನೂ ಪ್ರಯೋಜನವಿಲ್ಲ. ಹುಡುಕಿದೆ, ಇರಲಿಲ್ಲ. ಎರಡನೆಯದು ಪಿಕೆಜಿ-ಕಾನ್ಫಿಗ್, ಲೈಬ್ರರಿ ಎಲ್ಲಿದೆ ಎಂದು ಬಿಲ್ಡಿಗೆ ಹೇಳುವ ಉಪಕರಣ. ಕ್ರಾಸ್ ಕಂಪೈಲ್ (ಒಂದು ಬಗೆಯ ಪ್ರೊಸೆಸರಿನ ಮೇಲೆ ಕೂತು ಇನ್ನೊಂದು ಬಗೆಯದಕ್ಕೆ ಬಿಲ್ಡ್) ಮಾಡುವಾಗ ಅದು ಆರ್ಮ್‌ನ ಲೈಬ್ರರಿ ಬಿಟ್ಟು ಲ್ಯಾಪ್‌ಟಾಪಿನ ಲೈಬ್ರರಿಯ ವಿಳಾಸ ಕೊಟ್ಟು ಕೂರುವುದು ಹೊಸದೇನಲ್ಲ. ಆದರೆ ಸ್ವಲ್ಪ ಯೋಚಿಸಿದರೆ ಇದೂ ನಿಲ್ಲುವುದಿಲ್ಲ. ಲೈಬ್ರರಿ ನಿಜಕ್ಕೂ ಸಿಗದಿದ್ದರೆ 6.6ರಲ್ಲಿ ಬಿಲ್ಡ್ ನಿಲ್ಲಬೇಕಿತ್ತು. ನಿಲ್ಲಲಿಲ್ಲ ಎಂದರೆ ಸಿಕ್ಕಿದೆ. ಸಿಕ್ಕಿದ್ದರೆ ಆಫ್ ಯಾಕೆ?

ಸ್ಕ್ರಿಪ್ಟ್ ಬದಿಗಿಟ್ಟು, ಅದೇ ಮೇಕ್ ಕಮಾಂಡನ್ನು ಕೈಯಿಂದ ಹೊಡೆದೆ. ಇರುವುದನ್ನು ಕೆಡಿಸುವುದು ಬೇಡ ಎಂದು ಔಟ್‌ಪುಟ್‌ಗೆ ಬೇರೆ ಡೈರೆಕ್ಟರಿಯ ಪೂರ್ತಿ ಪಾತ್ ಕೊಟ್ಟೆ. ಪರದೆ ಮೇಲೆ ಫೀಚರ್‌ಗಳ ಪಟ್ಟಿ ಬಂತು, ಲಿಬ್‌ಟ್ರೇಸ್‌ಇವೆಂಟ್ ಆನ್. ಆ ಪರ್ಫನ್ನು ಬಾಕ್ಸಿಗೆ ಕಾಪಿ ಮಾಡಿದರೆ ಟ್ರೇಸ್ ಓಡುತ್ತದೆ! ಮತ್ತೆ ಸ್ಕ್ರಿಪ್ಟಿನಿಂದ ಮಾಡಿದರೆ ಆಫ್. ಕೈಯಿಂದ ಮಾಡಿದರೆ ಸರಿ, ಸ್ಕ್ರಿಪ್ಟಿನಿಂದ ಮಾಡಿದರೆ ತಪ್ಪು ಎನ್ನುವ ಬಗ್‌ಗಳಷ್ಟು ತಲೆ ತಿನ್ನುವುದು ಬೇರೆ ಇಲ್ಲ.

ಇಲ್ಲಿ ನಮ್ಮ ಡೈರೆಕ್ಟರಿಗಳ ವ್ಯವಸ್ಥೆ ಹೇಳಲೇಬೇಕು, ಕಥೆಯೆಲ್ಲ ಇರುವುದು ಅದರಲ್ಲೇ. ಪ್ರಾಜೆಕ್ಟಿನ ರೂಟಿನಲ್ಲಿ ಲಿನಕ್ಸ್ ಎಂಬ ಡೈರೆಕ್ಟರಿ, ಅದರಲ್ಲಿ ಕರ್ನಲ್ ಸೋರ್ಸ್. ಅದರೊಳಗೆ ಪರ್ಫ್-ಔಟ್ ಎಂಬ ಡೈರೆಕ್ಟರಿ, ಪರ್ಫ್ ಬಿಲ್ಡ್ ಆಗಬೇಕಾದದ್ದು ಅಲ್ಲಿ. ಪ್ರಾಜೆಕ್ಟಿನ ರೂಟಿನಲ್ಲೂ ಒಂದು ಪರ್ಫ್-ಔಟ್ ಇದೆ. ಬಿಲ್ಡ್ ಮುಗಿದ ಮೇಲೆ ಸ್ಕ್ರಿಪ್ಟು ಒಳಗಿನ ಪರ್ಫ್-ಔಟ್‌ನಿಂದ ಪರ್ಫ್ ಎಂಬ ಒಂದೇ ಒಂದು ಫೈಲನ್ನು ಹೊರಗಿನ ಪರ್ಫ್-ಔಟ್‌ಗೆ ಕಾಪಿ ಮಾಡುತ್ತದೆ, ಇಮೇಜ್ ಕಟ್ಟುವವರು ಅಲ್ಲಿಂದ ಎತ್ತಿಕೊಳ್ಳುತ್ತಾರೆ. ಎರಡಕ್ಕೂ ಒಂದೇ ಹೆಸರು ಇಡುವ ಬುದ್ಧಿ ಯಾರಿಗೆ ಬಂತೋ, ನಾನು ಸೇರುವ ಮೊದಲಿನ ಮಾತು. ಸ್ಕ್ರಿಪ್ಟ್ ಇದ್ದದ್ದು ಪೈಥಾನ್‌ನಲ್ಲಿ. ಮೇಕ್ ಆಡುವ ಮಾತನ್ನೆಲ್ಲ ಅದು, ಹಾಕಿದ್ದೆಲ್ಲ ಮಾಯವಾಗುವ ಡೆವ್ ನಲ್‌ಗೆ ಸುರಿಯುತ್ತಿತ್ತು, ಎರರ್ ಬಂದರೆ ಮಾತ್ರ ಪರದೆಗೆ.

ಬಾಕ್ಸಿನಲ್ಲಿರುವ ಪರ್ಫ್ ಯಾವುದು ಎಂದು ತಿಳಿಯಲು ಆವೃತ್ತಿ ಸಂಖ್ಯೆ ಉಪಯೋಗಕ್ಕೆ ಬರಲಿಲ್ಲ, ಹಳೆಯದೂ ಹೊಸದೂ ಒಂದೇ ಸೋರ್ಸಿನವು. ‘ಫೈಲ್’ ಕಮಾಂಡ್ ತೋರಿಸುವ ಬಿಲ್ಡ್ ಐಡಿ (ಆ ಬಿಲ್ಡಿನ ಗುರುತಿನ ಸಂಖ್ಯೆ) ಹೋಲಿಸಿದೆ. ಬಾಕ್ಸಿನದು, ಹೊರಗಿನ ಪರ್ಫ್-ಔಟ್‌ನದು, ಒಳಗಿನ ಪರ್ಫ್-ಔಟ್‌ನದು ಮೂರೂ ಒಂದೇ. ಸರಿ, ಕಾಪಿ ಆಗುವಲ್ಲಿ ತಪ್ಪಿಲ್ಲ. ಆದರೆ ಒಳಗಿನ ಪರ್ಫ್‌ನ ತಾರೀಖು ನೋಡಿದರೆ ಅದು ನಾನು ಸ್ಕ್ರಿಪ್ಟ್ ತಿದ್ದುವ ಎಷ್ಟೋ ದಿನ ಮೊದಲಿನದು. ಅಂದರೆ ಮೇಕ್ ಅದನ್ನು ಮುಟ್ಟಿಯೇ ಇಲ್ಲ. ಹಾಗಾದರೆ ಫ್ಯಾನ್ ಕೂಗಿಸಿಕೊಂಡು ಅಷ್ಟು ಹೊತ್ತು ಅದು ಕಂಪೈಲ್ ಮಾಡಿದ್ದು ಏನನ್ನು, ಇಟ್ಟದ್ದು ಎಲ್ಲಿ? ಬಿಲ್ಡನ್ನೇ ಎಸ್‌ಟ್ರೇಸ್ ಕೆಳಗೆ ಓಡಿಸಿ, ಯಾವ ಫೈಲ್ ಎಲ್ಲಿ ತೆರೆಯಿತು ಎಂದು ನೋಡೋಣ ಎಂದುಕೊಂಡೆ. ಟ್ರೇಸ್ ಮಾಡುವ ಟೂಲನ್ನು ಬಿಲ್ಡ್ ಮಾಡುವ ಟೂಲನ್ನೇ ಟ್ರೇಸ್ ಮಾಡುವ ದಿನ ಬಂತಲ್ಲ ಎಂದು ನಗುವೂ ಬಂತು.

ಅಷ್ಟರ ಅಗತ್ಯ ಬೀಳಲಿಲ್ಲ. ನಮ್ಮಲ್ಲಿಗೆ ಇಂಟರ್ನ್‌ಶಿಪ್‌ಗೆ ಬಂದಿದ್ದ ಗುಬ್ಬಿ ಕಡೆಯ ಹುಡುಗಿ ಮರುದಿನ ಬೆಳಿಗ್ಗೆ ತನ್ನ ಲ್ಯಾಪ್‌ಟಾಪಿನಲ್ಲಿ ಪ್ರಾಜೆಕ್ಟನ್ನು ಹೊಸದಾಗಿ ಕ್ಲೋನ್ ಮಾಡಿಕೊಂಡು ಬಿಲ್ಡ್ ಹಾಕಿದ್ದಳು.

“ಅಕ್ಕಾ, ಇಲ್ನೋಡಿ. ನಂಗೆ ಎರರ್ ಬರ್ತಿದೆ.”

ಎರರ್ ಬಂತು ಎಂದರೆ ಇಷ್ಟು ಖುಷಿಯಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕುರ್ಚಿ ಎಳೆದುಕೊಂಡು ಹೋಗಿ ಕೂತೆ. ಪರದೆಯ ಮೇಲಿದ್ದದ್ದು ಒಂದೇ ಸಾಲು: ಓ ಎಂಬ ಆಯ್ಕೆಗೆ (ಔಟ್‌ಪುಟ್ ಎಲ್ಲಿಡಬೇಕು ಎಂದು ಮೇಕ್‌ಗೆ ಹೇಳುವುದು ಅದು) ಕೊಟ್ಟ ಡೈರೆಕ್ಟರಿ ಇಲ್ಲ, ನಿಲ್ಲಿಸಿದ್ದೇನೆ. ಆ ಡೈರೆಕ್ಟರಿಯ ಪಾತ್ ಹೀಗಿತ್ತು: ಅವಳ ಹೋಮ್ ಡೈರೆಕ್ಟರಿ, ಅದರೊಳಗೆ ನೇರವಾಗಿ ಪರ್ಫ್-ಔಟ್. ನಡುವೆ ಪ್ರಾಜೆಕ್ಟಿನ ಹೆಸರೂ ಇಲ್ಲ, ಲಿನಕ್ಸ್ ಎಂಬುದೂ ಇಲ್ಲ.

“ಈ ಪಾತ್ ನೀನು ಎಲ್ಲಾದ್ರೂ ಬರ್ದಿದ್ಯಾ?”

“ಇಲ್ಲಕ್ಕ. ಸ್ಕ್ರಿಪ್ಟಲ್ಲೂ ಇಲ್ಲ, ಹುಡುಕ್ದೆ.”

“ಯಾವ ಡೈರೆಕ್ಟರೀಲಿ ನಿಂತು ಸ್ಕ್ರಿಪ್ಟ್ ಓಡ್ಸಿದ್ದು?”

“ಹೋಮಲ್ಲೇ. ಎಲ್ಲಿ ನಿಂತ್ರೇನಕ್ಕ, ಸ್ಕ್ರಿಪ್ಟಿಗೆ ಫುಲ್ ಪಾತ್ ಕೊಟ್ಟಿದೀನಲ್ಲ.”

ಎಲ್ಲಿ ನಿಂತರೇನು ಎಂಬ ಆ ಪ್ರಶ್ನೆಯೇ ಬಗ್ಗಿನ ಬಾಲ. ಅವಳಿಗೆ ಪ್ರಾಜೆಕ್ಟಿನ ರೂಟಿಗೆ ಹೋಗಿ ಮತ್ತೆ ಓಡಿಸಲು ಹೇಳಿದೆ. ಎರರ್ ಮಾಯ, ಬಿಲ್ಡ್ ಶುರು. ನಡುವೆಯೇ ನಿಲ್ಲಿಸಿ, ಡೆವ್ ನಲ್‌ಗೆ ಹೋಗುತ್ತಿದ್ದ ಔಟ್‌ಪುಟ್ಟನ್ನು ಪರದೆಗೆ ತಿರುಗಿಸಿ ಮತ್ತೆ ಓಡಿಸಿದೆವು. ಪರ್ಫ್‌ನ ಬಿಲ್ಡು ಕಂಪೈಲ್ ಮಾಡುವ ಪ್ರತಿ ಫೈಲಿಗೂ ‘ಸಿಸಿ’ ಎಂದು ಬರೆದು ಮುಂದೆ ಪೂರ್ತಿ ಪಾತ್ ತೋರಿಸುತ್ತದೆ. ಸಾಲು ಸಾಲಾಗಿ ಬಂದ ಪಾತ್‌ಗಳೆಲ್ಲ ಹೊರಗಿನ ಪರ್ಫ್-ಔಟ್‌ನವು. ಅಂದರೆ ಸಾಮಾನು ಹಂಚುವ ಡೈರೆಕ್ಟರಿಯಲ್ಲೇ ಅಡುಗೆ ನಡೆಯುತ್ತಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಹೊರಗಿನ ಪರ್ಫ್-ಔಟ್ ತೆರೆದು ನೋಡಿದೆ. ಒಂದೇ ಫೈಲ್ ಇರಬೇಕಾದ ಕಡೆ ಪರ್ಫ್-ಇನ್ ಎಂಬ ಆಬ್ಜೆಕ್ಟ್ ಫೈಲು, ಫೀಚರ್-ಡಂಪ್, ಲಿಬ್‌ಎಪಿಐ, ಲಿಬ್‌ಪರ್ಫ್, ಲಿಬ್‌ಸಬ್‌ಕಮಾಂಡ್ ಅಂತ ಪೂರಾ ಸಂಸಾರ. ಫೀಚರ್-ಡಂಪ್ ತೆರೆದರೆ ಲಿಬ್‌ಟ್ರೇಸ್‌ಇವೆಂಟ್ ಎದುರು 1.

ಆಮೇಲೆ ಮಿಕ್ಕದ್ದು ತಾನಾಗಿ ಬಿಚ್ಚಿಕೊಂಡಿತು. ಹೊಸ ಪರ್ಫ್ ಹೊರಗಿನ ಪರ್ಫ್-ಔಟ್‌ನಲ್ಲಿ ಸರಿಯಾಗಿಯೇ ಹುಟ್ಟುತ್ತಿತ್ತು. ಮುಂದಿನ ಕ್ಷಣ ಸ್ಕ್ರಿಪ್ಟು ತನ್ನ ಕ್ರಮದಂತೆ ಒಳಗಿನ ಪರ್ಫ್-ಔಟ್‌ನಲ್ಲಿದ್ದ ಹಳೇ ಪರ್ಫನ್ನು ತಂದು ಅದರ ಮೇಲೆ ಕಾಪಿ ಮಾಡುತ್ತಿತ್ತು. ಹೆಸರು ಒಂದೇ, ಜಾಗವೂ ಒಂದೇ, ಹೊಸದು ಅಳಿಸಿಹೋಗುತ್ತಿತ್ತು. ಸಾಕ್ಷಿಯನ್ನು ಪ್ರತಿ ಸಲ ನಾವೇ ನಾಶ ಮಾಡುತ್ತಿದ್ದೆವು.

ಏನಾಗುತ್ತಿದೆ ಎಂಬುದು ತಿಳಿಯಿತು, ಯಾಕೆ ಎಂಬುದು ಉಳಿಯಿತು. ಸ್ಕ್ರಿಪ್ಟು ಪೈಥಾನ್‌ನ ಸಬ್‌ಪ್ರೊಸೆಸ್‌ಗೆ (ಬೇರೆ ಪ್ರೋಗ್ರಾಮನ್ನು ಓಡಿಸುವ ಸೌಲಭ್ಯ) ಹೇಳುತ್ತಿದ್ದದ್ದು ಇಷ್ಟು: ಸಿಡಬ್ಲ್ಯುಡಿ (ನಿಲ್ಲಬೇಕಾದ ಜಾಗ) ಲಿನಕ್ಸ್ ಡೈರೆಕ್ಟರಿ ಆಗಿರಲಿ, ಅಲ್ಲಿ ನಿಂತು ಮೇಕ್ ಓಡಿಸು, ಸಿ ಆಯ್ಕೆಯಲ್ಲಿ ಟೂಲ್ಸ್ ಒಳಗಿನ ಪರ್ಫ್‌ಗೆ ಹೋಗು, ಓ ಆಯ್ಕೆ ಪರ್ಫ್-ಔಟ್. ಓದಿದ ಯಾರಿಗಾದರೂ ಇದು ಲಿನಕ್ಸ್ ಒಳಗಿನ ಪರ್ಫ್-ಔಟ್ ಎಂದೇ ಅರ್ಥವಾಗುತ್ತದೆ. ಆದರೆ ಅರೆಬರೆ ಪಾತ್ ಎಂದರೆ ಲಕೋಟೆಯ ಮೇಲೆ ‘ಪಕ್ಕದ ಮನೆ’ ಎಂದಷ್ಟೇ ಬರೆದ ಹಾಗೆ. ಯಾರ ಮನೆಯ ಪಕ್ಕ ಎಂದು ಕೇಳಬೇಕಾಗುತ್ತದೆ.

ಪರ್ಫ್‌ನ ಮೇಕ್‌ಫೈಲ್ ತೆರೆದೆವು, ಬಿಲ್ಡ್ ಹೇಗೆ ಮಾಡಬೇಕು ಎಂದು ಮೇಕ್‌ಗೆ ಹೇಳುವುದು ಅದೇ. ಆ ಫೈಲು ಚಿಕ್ಕದು. ಎಷ್ಟು ಪ್ರೊಸೆಸರ್ ಇದೆ ಎಂದು ಎಣಿಸಿ, ಅಷ್ಟು ಕೆಲಸ ಒಟ್ಟಿಗೆ ಹಚ್ಚಿ, ನಿಜವಾದ ಕೆಲಸವನ್ನು ಮೇಕ್‌ಫೈಲ್-ಡಾಟ್-ಪರ್ಫ್ ಎಂಬ ಇನ್ನೊಂದು ದೊಡ್ಡ ಫೈಲಿಗೆ ವಹಿಸುತ್ತದೆ. ವಹಿಸುವ ಮುಂಚೆ ಓ ಆಯ್ಕೆಯನ್ನು ಪೂರ್ತಿ ಪಾತ್ ಮಾಡಿಕೊಳ್ಳುವ ಒಂದು ಸಾಲಿದೆ. ಮೊದಲು ಪಿಡಬ್ಲ್ಯುಡಿ ಎಂಬ ವೇರಿಯಬಲ್ ಹೇಳುವ ಜಾಗಕ್ಕೆ ಸಿಡಿ ಮಾಡು (ಅಂದರೆ ಹೋಗು), ಅಲ್ಲಿಂದ ರೀಡ್‌ಲಿಂಕ್ ಹಾಕಿ ಪೂರ್ತಿ ಪಾತ್ ತೆಗೆ ಎನ್ನುತ್ತದೆ ಅದು. (ರಸ್ತೆ, ಸೇತುವೆ ಕಟ್ಟುವ ಇಲಾಖೆ ನೆನಪಾಗುವುದು ಸಹಜ. ಇದು ‘ಈಗ ನಿಂತಿರುವ ಡೈರೆಕ್ಟರಿ’ಯನ್ನು ಹೇಳುವ ಎನ್ವಿರಾನ್ಮೆಂಟ್ ವೇರಿಯಬಲ್.) ಟೂಲ್ಸ್ ಅಡಿಯ ಬಹಳಷ್ಟು ಉಪಕರಣಗಳು ಹಂಚಿಕೊಳ್ಳುವ ಸ್ಕ್ರಿಪ್ಟ್ಸ್ ಡೈರೆಕ್ಟರಿಯ ಮೇಕ್‌ಫೈಲ್-ಇನ್‌ಕ್ಲೂಡ್‌ನಲ್ಲೂ ಅದೇ ಧಾಟಿಯ ಸಾಲು: ಪಿಡಬ್ಲ್ಯುಡಿಗೆ ಹೋಗು, ಓ ಹೇಳುವ ಡೈರೆಕ್ಟರಿ ಇದೆಯಾ ನೋಡು, ಇಲ್ಲದಿದ್ದರೆ ಎರರ್ ಕೊಟ್ಟು ನಿಲ್ಲು. ಹುಡುಗಿಗೆ ಬಂದದ್ದು ಈ ಎರರ್.

ಈ ಪಿಡಬ್ಲ್ಯುಡಿಯನ್ನು ಮೇಕ್ ತಾನಾಗಿ ತುಂಬುವುದಿಲ್ಲ. ಮೇಕ್‌ಗೆ ತನ್ನದೇ ಆದದ್ದು ಕರ್‌ಡಿರ್ ಎಂಬ ಬೇರೆ ವೇರಿಯಬಲ್, ತಾನು ನಿಜವಾಗಿ ನಿಂತ ಡೈರೆಕ್ಟರಿ ಅದರಲ್ಲಿರುತ್ತದೆ. ಪಿಡಬ್ಲ್ಯುಡಿಯನ್ನು ಇಡುವುದು ಶೆಲ್, ಅಂದರೆ ನಾವು ಹೊಡೆದ ಕಮಾಂಡನ್ನು ಓಡಿಸುವ ಬ್ಯಾಷ್‌ನಂಥ ಪ್ರೋಗ್ರಾಂ. ನೀವು ಟರ್ಮಿನಲ್ಲಿನಲ್ಲಿ ಸಿಡಿ ಮಾಡಿದಾಗೆಲ್ಲ ಬ್ಯಾಷ್ ಅದನ್ನು ತಿದ್ದಿಡುತ್ತದೆ, ಅಲ್ಲಿಂದ ಓಡಿಸಿದ ಪ್ರೋಗ್ರಾಂಗಳಿಗೆಲ್ಲ ಅದು ದಾಟುತ್ತದೆ. ಪೈಥಾನ್ ಸಬ್‌ಪ್ರೊಸೆಸ್ ಸಿಡಬ್ಲ್ಯುಡಿ ಕೊಟ್ಟಾಗ ಡೈರೆಕ್ಟರಿಯನ್ನು ನಿಜವಾಗಿ ಬದಲಿಸುತ್ತದೆ, ಆದರೆ ಪಿಡಬ್ಲ್ಯುಡಿಯ ತಂಟೆಗೆ ಹೋಗುವುದಿಲ್ಲ. ಹೀಗಾಗಿ ಮೇಕ್ ನಿಂತದ್ದು ಲಿನಕ್ಸ್ ಒಳಗೆ, ಅದರ ಜೇಬಿನಲ್ಲಿದ್ದ ಚೀಟಿ ಹೇಳುವುದು ಸ್ಕ್ರಿಪ್ಟ್ ಓಡಿಸಿದವರು ನಿಂತಿದ್ದ ಜಾಗವನ್ನು. ನಾನು ಪ್ರಾಜೆಕ್ಟಿನ ರೂಟಿನಲ್ಲಿ ನಿಂತು ಓಡಿಸುತ್ತಿದ್ದೆ, ಅಲ್ಲಿ ಪರ್ಫ್-ಔಟ್ ಎಂಬುದು ಇದ್ದೇ ಇತ್ತು, ಮೇಕ್ ತುಟಿ ಪಿಟಕ್ಕೆನ್ನದೆ ಅಲ್ಲಿಗೆ ಹೋಯಿತು. ಅವಳು ನಿಂತದ್ದು ಹೋಮ್‌ನಲ್ಲಿ, ಅಲ್ಲಿ ಇರಲಿಲ್ಲ, ಕೂಗಿಕೊಂಡಿತು. ಸ್ಕ್ರಿಪ್ಟನ್ನು ಮೊದಲು ಬರೆದವರು ಲಿನಕ್ಸ್ ಡೈರೆಕ್ಟರಿಯೊಳಗೇ ನಿಂತು ಓಡಿಸುತ್ತಿದ್ದರಂತೆ. ಅವರಿಗೆ ಎಂದೂ ತೊಂದರೆ ಕಾಣಲಿಲ್ಲ.

ನಂಬಿಕೆ ಬರಲಿ ಎಂದು ಮೂರು ಸಾಲಿನ ಮೇಕ್‌ಫೈಲ್ ಬರೆದು ನೋಡಿದೆವು. ಮೇಕ್‌ನ ಪಿಡಬ್ಲ್ಯುಡಿ ಏನು, ಮೇಕ್‌ನ ಕರ್‌ಡಿರ್ ಏನು, ರೆಸಿಪಿ (ಮೇಕ್‌ಫೈಲಿನಲ್ಲಿ ಬರೆದ ಕಮಾಂಡುಗಳು) ಓಡಿಸುವ ಶೆಲ್‌ನ ಪಿಡಬ್ಲ್ಯುಡಿ ಏನು, ಇಷ್ಟನ್ನು ಬರೆದು ತೋರಿಸು ಎಂದು. ಟರ್ಮಿನಲ್ಲಿನಿಂದ ಓಡಿಸಿದರೆ ಮೂರೂ ಒಂದೇ. ಪೈಥಾನ್‌ನಿಂದ ಓಡಿಸಿದರೆ ಮೊದಲನೆಯದು ಹಳೇ ಜಾಗ, ಉಳಿದೆರಡು ಹೊಸ ಜಾಗ. ಮೂರನೆಯದು ಸರಿಯಾಗಿ ಬಂದದ್ದು ನೋಡಿ ಅವಳು ಹುಬ್ಬೇರಿಸಿದಳು. ಶೆಲ್ ಹುಟ್ಟುವಾಗಲೇ ತನಗೆ ಬಂದ ಪಿಡಬ್ಲ್ಯುಡಿ ನಿಜವೇ ಎಂದು ಪರೀಕ್ಷೆ ಮಾಡುತ್ತದೆ, ಸುಳ್ಳಾದರೆ ತಿದ್ದಿಕೊಳ್ಳುತ್ತದೆ. ಮೇಕ್ ಆ ಪರೀಕ್ಷೆ ಮಾಡುವುದಿಲ್ಲ. ಇದನ್ನು ಹೇಳಿದ ಮೇಲೆ ಅವಳೇ ಇನ್ನೊಂದು ಪ್ರಯೋಗ ಮಾಡಿದಳು: ಪೈಥಾನ್‌ನಲ್ಲಿ ಮೇಕ್ ಅನ್ನು ನೇರ ಕರೆಯುವ ಬದಲು ಶೆಲ್ ಮೂಲಕ ಕರೆದಳು. ಮೂರೂ ಒಂದೇ ಬಂತು. ನಡುವೆ ಬಂದ ಶೆಲ್ಲು ಚೀಟಿಯನ್ನು ತಿದ್ದಿ ಮುಂದೆ ಕೊಟ್ಟಿತ್ತು. ಶೆಲ್ ಮೂಲಕ ಕರೆಯಬೇಡಿ, ಅಪಾಯ ಎಂದು ಪೈಥಾನ್ ಕಲಿಯುವ ಎಲ್ಲರಿಗೂ ಹೇಳುತ್ತೇವೆ. ಆ ಮಾತು ಕೇಳಿದವರಿಗೇ ಈ ಬಗ್ ಸಿಗುವುದು! ಪಿಡಬ್ಲ್ಯುಡಿಯನ್ನು ಪೂರ್ತಿ ತೆಗೆದುಹಾಕಿಯೂ ನೋಡಿದೆವು. ಆಗ ಆ ಸಾಲಿನ ಸಿಡಿಗೆ ಜಾಗದ ಹೆಸರೇ ಇರುವುದಿಲ್ಲ. ಖಾಲಿ ಸಿಡಿ ಹೋಗುವುದು ಹೋಮ್‌ಗೆ.

ಇಷ್ಟಕ್ಕೂ ಕರ್‌ಡಿರ್ ಬಿಟ್ಟು ಪಿಡಬ್ಲ್ಯುಡಿಯನ್ನು ಯಾಕೆ ನಂಬಿದರು? ಯಾವ ಸಾಲು ಯಾವ ಬದಲಾವಣೆಯಲ್ಲಿ ಬಂತು ಎಂದು ತೋರಿಸುವ ಗಿಟ್ ಬ್ಲೇಮ್ ಹಾಕಿದೆ. ಆ ಸಿಡಿ ಸೇರಿದ್ದು 2020ರ ಒಂದು ಪ್ಯಾಚಿನಲ್ಲಿ. ಕಾರಣವನ್ನು ಕಮಿಟ್ ಮೆಸೇಜಿನಲ್ಲಿ ಚೆನ್ನಾಗಿ ಬರೆದಿದ್ದಾರೆ. ಅದಕ್ಕೂ ಮೊದಲು, ಕರ್ನಲ್ ಸೋರ್ಸಿನ ಮೇಲ್ತುದಿಯಲ್ಲಿ ನಿಂತು ಸಿ ಆಯ್ಕೆಯಿಂದ ಪರ್ಫ್ ಬಿಲ್ಡ್ ಮಾಡಿ ಓ ಆಯ್ಕೆಗೆ ಅರೆಬರೆ ಪಾತ್ ಕೊಟ್ಟರೆ, ಮೇಕ್ ಅದನ್ನು ಹುಡುಕುತ್ತಿದ್ದದ್ದು ಪರ್ಫ್ ಡೈರೆಕ್ಟರಿಯ ಒಳಗೆ. ಬಳಸುವವರು ತಾವು ನಿಂತ ಜಾಗದಿಂದ ಲೆಕ್ಕ ಹಾಕಿ ಪಾತ್ ಕೊಟ್ಟಿರುತ್ತಾರೆ, ಸಿಗುವುದಿಲ್ಲ, ಎರರ್. ಸಿ ಆಯ್ಕೆ ಜಾರಿಯಾಗಿ ಕರ್‌ಡಿರ್ ಬದಲಾದ ಮೇಲೆಯೇ ಮೇಕ್‌ಫೈಲ್ ಓದುವುದರಿಂದ, ಮೊದಲು ಎಲ್ಲಿ ನಿಂತಿದ್ದೆವು ಎಂದು ಅದಕ್ಕೆ ಹೇಳಬಲ್ಲದ್ದು ಶೆಲ್ ಬಿಟ್ಟುಹೋದ ಪಿಡಬ್ಲ್ಯುಡಿ ಒಂದೇ. ಟರ್ಮಿನಲ್ಲಿನಲ್ಲಿ ಕೂತು ಕೈಯಿಂದ ಹೊಡೆಯುವವರಿಗೆ ಅದು ಸರಿಯಾದ ಪರಿಹಾರ. ನಮ್ಮಂತೆ ಶೆಲ್ ಇಲ್ಲದೆ ಮೇಕ್ ಕರೆಯುವವರಿಗೆ ಅದೇ ಹಳ್ಳ.

ತಿದ್ದಿ ಪ್ಯಾಚ್ ಕಳಿಸೋಣವೇ ಎಂದು ಯೋಚಿಸಿದೆ. ಪಿಡಬ್ಲ್ಯುಡಿಯೂ ಕರ್‌ಡಿರೂ ಬೇರೆಯಾದರೆ ಎಚ್ಚರಿಕೆ ಕೊಡು ಎಂದರೆ ಆಗದೇ? ಆಗುವುದಿಲ್ಲ. ಸಿ ಆಯ್ಕೆ ಕೊಟ್ಟ ಪ್ರತಿಯೊಬ್ಬರಿಗೂ ಅವೆರಡು ಬೇರೆಯೇ ಇರುತ್ತವೆ. ಸಿ ಆಯ್ಕೆಯಿಂದ ಬೇರೆಯಾಯಿತೋ, ಹಳಸಿದ್ದರಿಂದ ಬೇರೆಯಾಯಿತೋ ಎಂದು ಮೇಕ್‌ಫೈಲಿಗೆ ಗೊತ್ತಾಗುವ ದಾರಿ ನನಗೆ ಕಾಣಲಿಲ್ಲ. ಕರ್ನಲ್ ತನ್ನ ಮೇಲ್ತುದಿಯ ಮೇಕ್‌ಫೈಲಿನಿಂದ ಪರ್ಫ್ ಬಿಲ್ಡ್ ಕರೆಯುವಾಗ ಓ ಆಯ್ಕೆಗೆ ಪೂರ್ತಿ ಪಾತ್ ಮಾಡಿಯೇ ಕೊಡುತ್ತದೆ, ಹೀಗಾಗಿ ಆ ದಾರಿಯಲ್ಲಿ ಹೋಗುವವರು ಇದಕ್ಕೆ ಎಡವುವುದೇ ಇಲ್ಲ. ಪ್ಯಾಚ್ ವಿಚಾರ ಕೈಬಿಟ್ಟೆ.

ನನ್ನ ಸಿಟ್ಟು ಇರುವುದು ಇನ್ನೊಂದರ ಮೇಲೆ. ಅದೇ ಕರ್ನಲ್ ಸೋರ್ಸು, ಅದೇ ಓ ಆಯ್ಕೆ, ಆದರೆ ಕರ್ನಲ್ ಬಿಲ್ಡಿಗೆ ಕೊಟ್ಟಾಗ ಅದರ ನಡತೆಯೇ ಬೇರೆ. ಮೇಲ್ತುದಿಯ ಮೇಕ್‌ಫೈಲ್ ಅರೆಬರೆ ಪಾತನ್ನು ತಾನು ನಿಂತ ಕರ್ನಲ್ ಡೈರೆಕ್ಟರಿಯಿಂದಲೇ ಲೆಕ್ಕ ಹಾಕುತ್ತದೆ, ಪಿಡಬ್ಲ್ಯುಡಿಯನ್ನು ಕೇಳುವುದಿಲ್ಲ. ಡೈರೆಕ್ಟರಿ ಇಲ್ಲದಿದ್ದರೆ ಎರರ್ ಕೊಡದೆ ತಾನೇ ಹುಟ್ಟಿಸಿಕೊಳ್ಳುತ್ತದೆ. ನಮ್ಮ ಸ್ಕ್ರಿಪ್ಟಿನಲ್ಲಿ ಕರ್ನಲ್ ಬಿಲ್ಡ್ ಮಾಡುವ ಸಾಲೂ ಪರ್ಫ್ ಬಿಲ್ಡ್ ಮಾಡುವ ಸಾಲೂ ಹತ್ತಿರ ಹತ್ತಿರ ಇದ್ದವು, ಎರಡಕ್ಕೂ ಅದೇ ಸಿಡಬ್ಲ್ಯುಡಿ, ಅದೇ ಧಾಟಿಯ ಓ. ಮೊದಲನೆಯದು ಯಾರು ಎಲ್ಲಿ ನಿಂತು ಓಡಿಸಿದರೂ ಸರಿ, ಎರಡನೆಯದು ನಿಂತ ಜಾಗದ ಮೇಲೆ. ಬರೆದವರನ್ನು ಏನೆಂದು ದೂರುವುದು?

ಸ್ಕ್ರಿಪ್ಟಿಗೆ ಮಾಡಿದ ರಿಪೇರಿ ದೊಡ್ಡದೇನಲ್ಲ. ಓ ಆಯ್ಕೆಗೆ ಪೂರ್ತಿ ಪಾತ್ ಮಾಡಿ ಕೊಟ್ಟೆವು, ಆ ಡೈರೆಕ್ಟರಿಯನ್ನು ಮೊದಲೇ ಹುಟ್ಟಿಸಿಟ್ಟೆವು, ಮೇಕ್‌ಗೆ ಹೋಗುವ ಎನ್ವಿರಾನ್ಮೆಂಟ್‌ನಲ್ಲಿ ಪಿಡಬ್ಲ್ಯುಡಿಯನ್ನೂ ಸಿಡಬ್ಲ್ಯುಡಿಗೆ ಹೊಂದಿಸಿದೆವು. ಹೊರಗಿನ ಡೈರೆಕ್ಟರಿಗೆ ಬೇರೆ ಹೆಸರಿಟ್ಟೆವು. ಕಾಪಿ ಮಾಡುವ ಮುಂಚೆ, ಪರ್ಫ್ ಫೈಲಿನ ಸಮಯ ಬಿಲ್ಡ್ ಶುರುವಾದ ಸಮಯಕ್ಕಿಂತ ಈಚಿನದಾ ಎಂದು ನೋಡಿ, ಅಲ್ಲದಿದ್ದರೆ ಕೂಗಾಡುವಂತೆ ಮಾಡಿದ್ದು ಹುಡುಗಿಯ ಸಲಹೆ. ಏನೂ ಬದಲಾಗದೆ ಬಿಲ್ಡ್ ಹಾಕಿದಾಗಲೂ ಇದು ಕೂಗುತ್ತದೆ ಎಂದು ನಾನು ಗೊಣಗಿದೆ. “ಸುಮ್ನೆ ಇರೋದಕ್ಕಿಂತ ಕೂಗೋದೇ ವಾಸಿ ಅಲ್ವಾಕ್ಕ” ಎಂದಳು. ಇರಲಿ ಬಿಡು ಎಂದೆ. ಡೆವ್ ನಲ್ ಹೋಗಿ, ಮೇಕ್‌ನ ಮಾತೆಲ್ಲ ಈಗ ಒಂದು ಲಾಗ್ ಫೈಲಿನಲ್ಲಿ ಉಳಿಯುತ್ತದೆ.

ಹೊಸ ಇಮೇಜ್ ಹಾಕಿದ ಬಾಕ್ಸನ್ನು ಟೆಸ್ಟ್ ಪ್ಯಾನೆಲ್ಲಿಗೆ ಕಟ್ಟಿ, ನಮ್ಮ ಪ್ರೋಗ್ರಾಮಿನ ಮೇಲೆ ‘ಪರ್ಫ್ ಟ್ರೇಸ್’ ಅನ್ನು ಸಾರಾಂಶದ ಆಯ್ಕೆ ಕೊಟ್ಟು ಊಟಕ್ಕೆ ಹೋಗುವಾಗ ಬಿಟ್ಟೆ. ಬಂದು ನೋಡಿದರೆ ಪ್ರತಿ ಥ್ರೆಡ್ಡಿಗೂ ಒಂದು ಕೋಷ್ಟಕ: ಯಾವ ಸಿಸ್ಟಂ ಕಾಲ್, ಎಷ್ಟು ಸಲ, ಕನಿಷ್ಠ ಎಷ್ಟು, ಸರಾಸರಿ ಎಷ್ಟು, ಗರಿಷ್ಠ ಎಷ್ಟು ಮಿಲಿಸೆಕೆಂಡು. ಮೀಟರ್ ಓದುವ ಥ್ರೆಡ್ಡಿನ ಕೋಷ್ಟಕದಲ್ಲಿ ಎಫ್‌ಡೇಟಾಸಿಂಕ್ ಇತ್ತು, ಬರೆದದ್ದು ಡಿಸ್ಕಿಗೋ ಕಾರ್ಡಿಗೋ ನಿಜವಾಗಿ ಸೇರುವ ತನಕ ಕಾಯುವ ಸಿಸ್ಟಂ ಕಾಲ್ ಅದು. ಸರಾಸರಿ ಏನೂ ಇಲ್ಲ ಎನ್ನುವಷ್ಟು, ಗರಿಷ್ಠ ಮಾತ್ರ ನಮ್ಮ ಟೈಮ್‌ಔಟನ್ನು ನುಂಗಿ ಹಾಕುವಷ್ಟು. ಓದಿದ ಅಂಕಿಯನ್ನು ಅದೇ ಥ್ರೆಡ್ಡು ಎಸ್‌ಡಿ ಕಾರ್ಡಿನ ಲಾಗಿಗೂ ಬರೆಯುತ್ತಿತ್ತು, ಕಾರ್ಡು ತನ್ನ ಒಳಗಿನ ಕಸ ಗುಡಿಸುವ ಹೊತ್ತಿಗೆ ಸಿಂಕ್ ಬಿದ್ದರೆ ಅಷ್ಟು ಹೊತ್ತು ಅಲ್ಲೇ ಕೂರುತ್ತಿತ್ತು. ಆ ವೇಳೆಗೆ ಬಂದ ಮೀಟರಿನ ಉತ್ತರವನ್ನು ಕೇಳುವವರಿಲ್ಲ. ಲಾಗ್ ಬರೆಯುವುದನ್ನು ಬೇರೆ ಥ್ರೆಡ್ಡಿಗೆ ಹಾಕಿದೆ. ಶಿರಾದ ಅಣ್ಣನಿಗೆ ಕೋಷ್ಟಕ ತೋರಿಸಿದರೆ, “ಇದನ್ ಮೊದ್ಲೇ ತೋರ್ಸಿದ್ರೆ ನಾನ್ಯಾಕಮ್ಮ ಸ್ಕೋಪ್ ಹಿಡ್ಕೊಂಡ್ ಕೂರ್ತಿದ್ದೆ” ಎಂದರು.

ಟೂಲ್ಸ್ ಅಡಿಯ ಬೇರೆ ಉಪಕರಣಗಳೂ ಅದೇ ಮೇಕ್‌ಫೈಲ್-ಇನ್‌ಕ್ಲೂಡನ್ನೇ ಬಳಸುವುದರಿಂದ ನಮ್ಮ ಸ್ಕ್ರಿಪ್ಟುಗಳಲ್ಲಿ ಓ ಆಯ್ಕೆ ಎಲ್ಲೆಲ್ಲಿದೆ ಎಂದು ಗ್ರೆಪ್ ಹಾಕಲು ಹುಡುಗಿಗೆ ಹೇಳಿದೆ. ಬಿಪಿಎಫ್‌ಟೂಲ್ ಬಿಲ್ಡ್ ಮಾಡುವ ಸಾಲು ಸಿಕ್ಕಿತು, ಅಲ್ಲೂ ಅರೆಬರೆ ಪಾತ್. ಅದರ ಔಟ್‌ಪುಟ್ ಎಲ್ಲಿ ಬೀಳುತ್ತಿತ್ತು ಎಂದು ನನ್ನ ಲ್ಯಾಪ್‌ಟಾಪಿನಲ್ಲಿ ಹುಡುಕಿದರೆ, ಬೇರೊಂದು ಪ್ರಾಜೆಕ್ಟಿನ ಡೈರೆಕ್ಟರಿಯೊಳಗೆ ಸಿಕ್ಕಿತು. ಅದನ್ನು ಅಳಿಸಿ, ಆ ಸಾಲನ್ನೂ ತಿದ್ದಿ, ಕಮಿಟ್ ಮಾಡಿದ್ದು ಅವಳೇ.